ಕೆರೆಗೆ ಹಾರ ಕೇಳಿ ಅತ್ತವರು

(ಜಿಗಣಿಯಲ್ಲಿ ಶರಣ ಬಂಧುವೊಬ್ಬರ ಮನೆಯಂಗಳದಲ್ಲಿ ನಡೆದ ತಿಂಗಳ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಳೆದ ತಿಂಗಳು ಇದೇ ಅಂಗಳದಲ್ಲಿ ನಮ್ಮ ಮಗಳ ವಯಸ್ಸಿನ ಒಬ್ಬ ಶರಣೆ ಅಕ್ಕಮಹಾದೇವಿಯವರ ವಚನ ಹಾಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಗಂಟಲು ಕಟ್ಟಿತು. ನಾವು ಕೂತವರಲ್ಲಿ ಎಷ್ಟೋ ಜನ ಕಣ್ಣು ಒರೆಸಿಕೊಂಡೆವು. ನಾನೂ ಒರೆಸಿಕೊಂಡೆ. ಕಾರ್ಯಕ್ರಮ ಮುಗಿದು ಚಪ್ಪಲಿ ಹುಡುಕುವಾಗ, ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಯುವಕ ನನ್ನನ್ನು ನಿಲ್ಲಿಸಿ ಕೇಳಿದ: "ಸರ್, ವಚನ ಅಂದ್ರೆ ಅರಿವು ಅಂತೀರಿ. ಅರಿವು ಬರಬೇಕಾದ ಕಡೆ ಅಳು ಯಾಕೆ ಬರುತ್ತೆ? ಅತ್ತು ಹಗುರಾಗಿ ಮನೆಗೆ ಹೋದ್ರೆ ಮುಗೀತಾ?" ನನಗೆ ಉತ್ತರ ತೋಚಲಿಲ್ಲ. ಪಕ್ಕದಲ್ಲೇ ಇದ್ದ ಪೂಜ್ಯರು ನಕ್ಕು, "ಮುಂದಿನ ತಿಂಗಳು ನೀವೇ ಮಾತಾಡ್ರಿ" ಎಂದರು. ಹೀಗೆ ಸಿಕ್ಕಿಬಿದ್ದಿದ್ದೇನೆ.

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದಲ್ಲಿ ಇಂಜಿನಿಯರಾಗಿದ್ದವನು ನಾನು. ಹೆಚ್ಚಿನ ಕೆಲಸವೆಲ್ಲ ಕೆರೆಗಳ ಮೇಲೆಯೇ. ಒಂದು ಏರಿಗೆ ಎಷ್ಟು ಮಣ್ಣು ಬೇಕು ಎಂದರೆ ಲೆಕ್ಕ ಹಾಕಿ ಹೇಳಬಲ್ಲೆ. ರಸ, ಭಾವ ಎಂದರೆ ನನ್ನ ಅಧಿಕಾರ ಕಡಿಮೆ. ಆದ್ದರಿಂದ ಗೊತ್ತಿರುವ ಕಡೆಯಿಂದಲೇ ಬರುತ್ತೇನೆ. ನನ್ನನ್ನು ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಅಳಿಸಿದ ಹಾಡು ಒಂದು ಕೆರೆಯ ಹಾಡು. ನಮ್ಮೆಲ್ಲರಿಗೂ ಗೊತ್ತಿರುವ 'ಕೆರೆಗೆ ಹಾರ'.

ಇಲ್ಲಿ ಕೂತವರಲ್ಲಿ ವಿಜಯಪುರ, ಬಾಗಲಕೋಟೆ, ಹಾವೇರಿ, ಕಲಬುರಗಿ ಕಡೆಯಿಂದ ಬಂದವರು ಬಹಳ ಜನ ಇದ್ದೀರಿ. ಹಿರಿಯರಿಗೆ ಅದನ್ನು ತಾಯಿಯ ಬಾಯಿಂದ ಕೇಳಿದ ನೆನಪಿರುತ್ತದೆ. ಕಿರಿಯರು ಶಾಲೆಯ ಪುಸ್ತಕದಲ್ಲಿ ಓದಿ, ಐದು ಅಂಕದ ಪ್ರಶ್ನೆಗೆ ಉತ್ತರ ಬರೆದು ಮರೆತಿರುತ್ತೀರಿ. ಅದಕ್ಕೆ ಕಥೆಯನ್ನು ನಮ್ಮವ್ವ ಹಾಡುತ್ತಿದ್ದ ಕ್ರಮದಲ್ಲಿ ಒಂದು ಸಲ ಹೇಳುತ್ತೇನೆ. ಊರಿಂದ ಊರಿಗೆ ಅಲ್ಲಲ್ಲಿ ವ್ಯತ್ಯಾಸ ಇರುತ್ತದೆ, ಅದು ಇರಲಿ.

ಕಲ್ಲನಕೆರೆಯ ಮಲ್ಲನಗೌಡ ಒಂದು ಕೆರೆ ಕಟ್ಟಿಸುತ್ತಾನೆ. ಕೆರೆಗೆ ಹನಿ ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳುತ್ತಾರೆ. ಸೊಸೆಯನ್ನು ಕೆರೆಗೆ ಹಾರ ಕೊಡಬೇಕು ಎಂದು ಬರುತ್ತದೆ. ಈ 'ಹಾರ' ಹೂವಿನ ಹಾರವಲ್ಲ, ಆಹಾರ ಎಂದು ಬಲ್ಲವರು ಹೇಳುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನೋಡುವವರು ಯಾರು? ಆದ್ದರಿಂದ ಕಿರಿಯವಳು, ಭಾಗೀರತಿ. ಅವಳ ಗಂಡ ಮಹಾದೇವರಾಯ ದಂಡಿಗೆ ಹೋಗಿದ್ದಾನೆ. ಭಾಗೀರತಿಗೆ ಸುದ್ದಿ ತಿಳಿದು ತವರಿಗೆ ಓಡುತ್ತಾಳೆ. ಯಾಕೆ ಮುಖ ಬಾಡಿದೆ ಎಂದು ಅಪ್ಪ ಕೇಳಿದರೆ, ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡಿಸುತ್ತೇನೆ ಎನ್ನುತ್ತಾನೆ ಅಪ್ಪ. ತಾಯಿ ಒಡವೆಯ ಮಾತಾಡುತ್ತಾಳೆ. ಕೊನೆಗೆ ಗೆಳತಿಯ ಹತ್ತಿರ ಮಾತ್ರ ನಿಜ ಹೇಳುತ್ತಾಳೆ. ಗೆಳತಿಯೂ, ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು ಎಂದುಬಿಡುತ್ತಾಳೆ.

ಭಾಗೀರತಿ ತಿರುಗಿ ಬಂದು ಕಾಳು ಹಸನು ಮಾಡುತ್ತಾಳೆ, ಅಡಿಗೆ ಮಾಡುತ್ತಾಳೆ. ತನ್ನ ಬಲಿಯ ಅಡಿಗೆಯನ್ನು ತಾನೇ ಮಾಡುತ್ತಾಳೆ. ಎಲ್ಲರೂ ಕೆರೆಗೆ ಹೋಗಿ ಗಂಗಮ್ಮನ ಪೂಜೆ ಮಾಡಿ, ಉಂಡು, ಹೊರಡುತ್ತಾರೆ. ದಾರಿಯಲ್ಲಿ ಬಂಗಾರದ ಬಟ್ಟಲು ಮರೆತು ಬಂದೆವು ಎಂಬ ಮಾತು ಬರುತ್ತದೆ. ತರುವವರು ಯಾರು? ಭಾಗೀರತಿ. ಅವಳು ಒಂದೊಂದು ಮೆಟ್ಟಿಲು ಇಳಿದ ಹಾಗೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ, ಎದೆಗೆ ಏರುತ್ತದೆ. ಅತ್ತ ದಂಡಿನಲ್ಲಿ ಗಂಡನಿಗೆ ಕೆಟ್ಟ ಕನಸು ಬೀಳುತ್ತದೆ. ಕುದುರೆ ಏರಿ ಬರುತ್ತಾನೆ. ಮನೆಯವರು ತವರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳುತ್ತಾರೆ. ಗೆಳತಿ ಅತ್ತು ನಿಜ ಹೇಳುತ್ತಾಳೆ. ಅವನೂ ತುಂಬಿದ ಕೆರೆಗೆ ಹಾರುತ್ತಾನೆ.

ಇಷ್ಟೇ ಕಥೆ. ನಮ್ಮವ್ವ ಇದನ್ನು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದಳು. ನಾನು ಕೌದಿಯೊಳಗೆ ಮುಖ ಮುಚ್ಚಿಕೊಂಡು ಕೇಳುತ್ತಿದ್ದೆ. ಬಂಗಾರದ ಬಟ್ಟಲು ಮರೆತ ಮಾತು ಬಂದ ಕೂಡಲೇ ನನಗೆ ಅಳು ಬರುತ್ತಿತ್ತು. ನೀರು ಏರುವಾಗ ಅಲ್ಲ, ಬಟ್ಟಲಿಗೇ. ಯಾಕೆಂದರೆ ಅಲ್ಲಿಂದ ಮುಂದೆ ಯಾರೂ ಏನೂ ಮಾಡಲಾಗುವುದಿಲ್ಲ ಎಂದು ಸಣ್ಣವನಿಗೂ ಗೊತ್ತಾಗುತ್ತಿತ್ತು. ಹಾಡುತ್ತ ಹಾಡುತ್ತ ಅವ್ವನೂ ಅಳುತ್ತಿದ್ದಳು, ಆದರೆ ಕಲ್ಲು ನಿಲ್ಲುತ್ತಿರಲಿಲ್ಲ. ಒಂದು ಸಲ ಸಿಟ್ಟು ಬಂದು ಕೇಳಿದೆ: "ಯಾಕ ಹಾಡ್ತೀಯವ್ವ ಇದನ್ನ? ನೀನೂ ಅಳ್ತಿ, ನನಗೂ ಅಳಸ್ತಿ." ಅವ್ವ ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡು ಅಂದಳು: "ಅಳಾಕ ಒಂದ ನೆಪ ಬೇಕಲ್ಲೋ ತಮ್ಮಾ."

ಆಗ ಅದು ಅರ್ಥವಾಗಲಿಲ್ಲ. ಹದಿನೆಂಟು ಜನ ಉಣ್ಣುವ ಮನೆಯಲ್ಲಿ ಸೊಸೆಯಾದವಳು ತನ್ನ ಕಾರಣಕ್ಕೆ ಅತ್ತರೆ, ಏನು ಕಡಿಮೆ ಆಗಿದೆ ಇವಳಿಗೆ ಎಂದು ಕೇಳುವವರು ಹತ್ತು ಜನ. ಭಾಗೀರತಿಗಾಗಿ ಅತ್ತರೆ ಯಾರೂ ಕೇಳುವುದಿಲ್ಲ. ಕಲ್ಲಿನ ಸದ್ದಿನಲ್ಲಿ ಅದೂ ಸರಿಯಾಗಿ ಕೇಳುವುದಿಲ್ಲ.

ಮುಂದೆ ನಾನು ಇಂಜಿನಿಯರಿಂಗ್ ಓದಿದೆ. ಓದಿದವನಿಗೆ ಈ ಹಾಡಿನ ಮೇಲೆ ಒಂದು ತಿರಸ್ಕಾರ ಬಂತು, ಸುಳ್ಳು ಹೇಳುವುದಿಲ್ಲ. ಹೊಸ ಕೆರೆಗೆ ನೀರು ಬರದಿದ್ದರೆ ಅದಕ್ಕೆ ಕಾರಣ ಇರುತ್ತದೆ. ಮೊದಲನೆಯದು, ಕೆರೆಗೆ ನೀರು ಕೊಡುವ ಜಲಾನಯನ ಸಾಲದು. ನಮ್ಮ ಬಯಲುಸೀಮೆಯಲ್ಲಿ ಬಿದ್ದ ಮಳೆಯ ಹತ್ತು ಪಾಲಿನಲ್ಲಿ ಒಂದೋ ಒಂದೂವರೆಯೋ ಪಾಲು ಹರಿದು ಕೆರೆಗೆ ಸೇರಿದರೆ ದೊಡ್ಡದು. ಉಳಿದದ್ದು ನೆಲ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಇದಕ್ಕೆ ನಾವು ಬ್ರಿಟಿಷರ ಕಾಲದ ಸ್ಟ್ರೇಂಜ್ ಟೇಬಲ್ ಎಂಬ ಕೋಷ್ಟಕ ಬಳಸುತ್ತಿದ್ದೆವು. ಜಲಾನಯನ ಉತ್ತಮವೋ ಸಾಧಾರಣವೋ ಕಳಪೆಯೋ ಎಂದು ನೋಡಿ, ಮಳೆ ಇಷ್ಟು ಬಿದ್ದರೆ ನೀರು ಇಷ್ಟು ಎಂದು ಅದರಲ್ಲಿ ತೆಗೆಯುವುದು. ನಮ್ಮ ಹೊತ್ತಿಗೆ ಅದು! ಎರಡನೆಯದು, ನೀರು ತರುವ ಹಳ್ಳವನ್ನೋ ಪೂರಕ ಕಾಲುವೆಯನ್ನೋ ಮೇಲಿನವರು ತಿರುಗಿಸಿಕೊಂಡಿರುತ್ತಾರೆ, ಇಲ್ಲವೇ ಒತ್ತಿ ಉಳುಮೆ ಮಾಡಿರುತ್ತಾರೆ. ಮೂರನೆಯದು, ಬಂದ ನೀರು ಏರಿಯ ಅಡಿಯಿಂದ ಸೋರಿ ಹೋಗುತ್ತದೆ. ಏರಿಯ ಕೆಳಗೆ ಗಟ್ಟಿ ನೆಲ ಸಿಗುವವರೆಗೆ ಕಟಾಫ್ ಟ್ರೆಂಚ್ ತೆಗೆದು ಜೇಡಿಮಣ್ಣು ತುಂಬಬೇಕು, ಏರಿಯ ನಡುವಿಗೆ ಹಾರ್ಟಿಂಗ್ ಎಂದು ನೀರು ಬಿಡದ ಮಣ್ಣು ಹಾಕಿ, ಪದರ ಪದರವಾಗಿ ನೀರು ಚಿಮುಕಿಸಿ ರೋಲರ್ ಓಡಿಸಬೇಕು. ಅಲ್ಲಿ ಉಳಿತಾಯ ಮಾಡಿದರೆ ಕೆರೆ ಜರಡಿ. ಹೊಸ ಕೆರೆ ಮೊದಲ ಒಂದೆರಡು ವರ್ಷ ಚೆನ್ನಾಗಿಯೇ ಕಟ್ಟಿದ್ದರೂ ನೀರು ಕುಡಿಯುತ್ತದೆ. ಅಂಗಳದಲ್ಲಿ ಹೂಳಿನ ಪದರ ಕೂತ ಮೇಲೆ ನಿಲ್ಲುತ್ತದೆ. ಇದಕ್ಕೆ ಬೇಕಾದ್ದು ಎರಡು ಮಳೆಗಾಲದ ತಾಳ್ಮೆ.

ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎನ್ನುತ್ತಾರೆ. ಅವುಗಳನ್ನು ಕಟ್ಟಿದವರಿಗೆ ಈ ಕೋಷ್ಟಕ ಇರಲಿಲ್ಲ, ಆದರೆ ಈ ತಿಳಿವಳಿಕೆ ಇತ್ತು. ಮಲ್ಲನಗೌಡನೂ ಹೊತ್ತಿಗೆ ತೆಗೆಸುವ ಬದಲು ಒಬ್ಬ ಮುದಿ ಒಡ್ಡನನ್ನು ಕರೆಸಿ ಹಳ್ಳದ ಉದ್ದಕ್ಕೂ ನಡೆದಿದ್ದರೆ ಸಾಕಿತ್ತು. ಹೀಗೆ ಯೋಚಿಸಿ, ಇದು ಮೌಢ್ಯದ ಹಾಡು, ಇದಕ್ಕೆ ಸುರಿಸುವ ಕಣ್ಣೀರು ದಂಡ ಎಂದು ನಾನು ತೀರ್ಮಾನ ಮಾಡಿದ್ದೆ. ಆ ತೀರ್ಮಾನ ಮುರಿದದ್ದು ಒಂದು ಕುರಿಯಿಂದ.

ತೊಂಬತ್ತರ ದಶಕ. ಒಂದು ಹಳ್ಳಿ, ಹೆಸರು ಬೇಡ. ನಾನೇ ನಿಂತು ಕಟ್ಟಿಸಿದ ಸಣ್ಣ ಕೆರೆ. ಎರಡು ಮಳೆಗಾಲ ಕಳೆದರೂ ಅಂಗಳದಲ್ಲಿ ಎಮ್ಮೆ ಮಲಗುವಷ್ಟು ನೀರು ನಿಲ್ಲಲಿಲ್ಲ. ಕಾರಣ ನನಗೆ ಗೊತ್ತಿತ್ತು. ಮೇಲಿನ ಹಳ್ಳಕ್ಕೆ ಅಡ್ಡಲಾಗಿ ಒಬ್ಬ ದೊಡ್ಡ ಮನುಷ್ಯರು ಮಣ್ಣಿನ ಒಡ್ಡು ಹಾಕಿ, ನೀರನ್ನು ತಮ್ಮ ತೋಟದ ಕಡೆಗೆ ತಿರುಗಿಸಿಕೊಂಡಿದ್ದರು. ಅವರ ಹೆಸರು ಬರೆದರೆ ನನಗೆ ವರ್ಗವಾಗುತ್ತದೆ ಎಂಬುದೂ ಗೊತ್ತಿತ್ತು. ಆಗ ಮಗನ ಶಾಲೆ ನಡುವರ್ಷದಲ್ಲಿತ್ತು. ಕಡತದಲ್ಲಿ 'ಮಳೆಯ ಕೊರತೆ' ಎಂದು ಬರೆದೆ.

ಊರವರು ಏರಿಯ ಮೇಲಿನ ಗಂಗಮ್ಮನ ಸಣ್ಣ ಗುಡಿಯ ಮುಂದೆ ಕುರಿ ಕೊಡಲು ನಿಶ್ಚಯಿಸಿದರು. ಗುಡಿಯ ಆವರಣದಲ್ಲಿ ಪ್ರಾಣಿಬಲಿ ಕೊಡಬಾರದೆಂದು 1959ರಿಂದಲೇ ನಮ್ಮಲ್ಲಿ ಕಾನೂನು ಇದೆ. ಅದನ್ನು ಹೇಳಬೇಕಾದ ಸರ್ಕಾರಿ ನೌಕರ ಅಲ್ಲಿ ಒಬ್ಬನೇ, ನಾನು. ನನಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಅಂಗಿಯೊಳಗೆ ಇಷ್ಟಲಿಂಗ ಇತ್ತು. ಕುರಿಯನ್ನು ಚಪ್ಪರದ ಕಂಬಕ್ಕೆ ಕಟ್ಟಿದ್ದರು. ತಲೆ ಎತ್ತಿ ಅದು ತೋರಣದ ಎಲೆ ತಿನ್ನುತ್ತಿತ್ತು.

ಶರಣ ಬಂಧುಗಳೇ, ಹರಕೆಯ ಕುರಿಯ ಬಗ್ಗೆ ಬಸವಣ್ಣನವರ ವಚನ ನಿಮಗೆಲ್ಲ ಬಾಯಿಪಾಠ. ನನಗೂ ಚಿಕ್ಕಂದಿನಿಂದ ಬಾಯಿಪಾಠ. ಮಠದ ವಚನ ಸ್ಪರ್ಧೆಯಲ್ಲಿ ಅದನ್ನೇ ಹೇಳಿ ಬಹುಮಾನ ತೆಗೆದುಕೊಂಡವನು ನಾನು. ಅದು ಎಂಟುನೂರು ವರ್ಷ ಹಿಂದೆ ಬರೆದದ್ದು ಅಕ್ಷರಶಃ ಕಣ್ಣ ಮುಂದೆ ನಡೆಯುತ್ತಿತ್ತು, ನಾನು ಶಾಲು ಹೊದ್ದುಕೊಂಡು ನೋಡುತ್ತಿದ್ದೆ. ಬೇಡ ಅನ್ನಲಿಲ್ಲ. ಆ ರಾತ್ರಿ ಮನೆಗೆ ಬಂದು ಊಟ ಮಾಡದೆ ಮಲಗಿದೆ. ಆಗ ಅವ್ವನ ಹಾಡು ನೆನಪಾಯಿತು, ಅಳು ಬಂತು. ಹೆಂಡತಿ ಏನಾಯಿತೆಂದು ಕೇಳಿದಳು. ಏನಿಲ್ಲ, ಅವ್ವ ನೆನಪಾದಳು ಎಂದೆ. ನನಗೂ ಒಂದು ನೆಪ ಸಿಕ್ಕಿತ್ತು, ನೋಡಿ.

ಮುಂದಿನ ವರ್ಷ ಹಿಂಗಾರಿ ಜೋರಾಯಿತು. ಮೇಲಿನ ಒಡ್ಡು ನೀರಿನ ರಭಸಕ್ಕೆ ತಾನಾಗಿಯೇ ಕೊಚ್ಚಿಹೋಯಿತು. ಕೆರೆ ಅರ್ಧ ತುಂಬಿತು. ಊರವರಿಗೆ ಅದು ಕುರಿಯ ಫಲ. ಇಂದಿಗೂ ಆ ಊರಿನಲ್ಲಿ ಹಾಗೆಯೇ ಹೇಳುತ್ತಾರಂತೆ. ಅವರನ್ನು ನಾನು ಬೈಯಲಾರೆ. ನಿಜವಾದ ಕಾರಣ ಕಡತದಲ್ಲೂ ಇಲ್ಲ, ಯಾರ ಬಾಯಲ್ಲೂ ಇಲ್ಲ ಎಂದಮೇಲೆ ಜನ ಕುರಿಯನ್ನು ನಂಬದೆ ಮತ್ತೇನು ನಂಬಬೇಕು? ಹೊತ್ತಿಗೆ ತೆಗೆದು ಸೊಸೆಯ ಹೆಸರು ಹೇಳಿದವನಿಗೂ, 'ಮಳೆಯ ಕೊರತೆ' ಎಂದು ಬರೆದವನಿಗೂ ಎಷ್ಟು ದೂರ ಎಂದು ಆಮೇಲೆ ಬಹಳ ವರ್ಷ ಯೋಚಿಸಿದ್ದೇನೆ.

ಅಂದಿನಿಂದ ಆ ಹಾಡನ್ನು ಬೇರೆ ರೀತಿ ಕೇಳಲು ತೊಡಗಿದೆ. ಹಾಡಿನಲ್ಲಿ ಕೆಟ್ಟವರು ಯಾರು ಎಂದು ಹುಡುಕಿದರೆ ಮಲ್ಲನಗೌಡ ಒಬ್ಬನೇ ಸಿಗುತ್ತಾನೆ. ಉಳಿದವರೆಲ್ಲ ಒಳ್ಳೆಯವರು. ಅಪ್ಪನಿಗೆ ಮಗಳ ಮೇಲೆ ಪ್ರೀತಿ ಇದೆ, ಹೊಲ ಕೊಡುತ್ತಾನೆ. ತಾಯಿ ಒಡವೆ ಕೊಡುತ್ತಾಳೆ. ಗೆಳತಿಗೆ ಎಷ್ಟು ಕರುಳೆಂದರೆ ಕೊನೆಯಲ್ಲಿ ಅಳುವವಳು ಅವಳೇ. ಆದರೆ ಮೊದಲೇ ನಿಜ ತಿಳಿದವಳೂ ಅವಳೇ. ಬಾ, ನನ್ನ ಮನೆಯಲ್ಲಿ ಅಡಗಿಕೋ ಎನ್ನಲಿಲ್ಲ. ದಂಡಿಗೆ ಒಬ್ಬ ಆಳು ಓಡಿಸೋಣ ಎನ್ನಲಿಲ್ಲ. ಹಾಡು ಕೇಳುವ ನಾವು ಯಾರ ಜಾಗದಲ್ಲಿ ಕೂತು ಅಳುತ್ತೇವೆ? ಭಾಗೀರತಿಯ ಜಾಗದಲ್ಲಿ ಎಂದುಕೊಂಡಿರುತ್ತೇವೆ. ಅಲ್ಲ, ಗೆಳತಿಯ ಜಾಗದಲ್ಲಿ. ಅವಳ ಕಣ್ಣೀರು ನಮ್ಮ ಕಣ್ಣೀರು. ಎಲ್ಲ ಮುಗಿದ ಮೇಲೆ ಬಂದದ್ದು.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ ಎಂದು ನಿವೃತ್ತಿಯಾದ ಮೇಲೆ ಓದಿ ತಿಳಿದೆ. ಅಲನ್ ಡಂಡಸ್ ಎಂಬ ಅಮೆರಿಕದ ಜಾನಪದ ವಿದ್ವಾಂಸರು ಇಂಥ ಹಾಡುಗಳ ಬಗೆಗಿನ ಲೇಖನಗಳನ್ನು ಸೇರಿಸಿ 1996ರಲ್ಲಿ ಒಂದು ಪುಸ್ತಕವನ್ನೇ ತಂದಿದ್ದಾರೆ. ಸರ್ಬಿಯಾದಲ್ಲಿ ಕೋಟೆಗೆ, ರುಮೇನಿಯಾದಲ್ಲಿ ಮಠಕ್ಕೆ, ಗ್ರೀಸಿನ ಆರ್ಟಾ ಎಂಬಲ್ಲಿ ಸೇತುವೆಗೆ ಹೀಗೆಯೇ ಮನೆಯ ಹೆಣ್ಣನ್ನು ಕೊಡುತ್ತಾರೆ. ಆರ್ಟಾದ ಹಾಡಿನಲ್ಲಿ ಹಗಲು ಕಟ್ಟಿದ ಸೇತುವೆ ರಾತ್ರಿ ಬೀಳುತ್ತದೆ. ಮುಖ್ಯ ಮೇಸ್ತ್ರಿಯ ಹೆಂಡತಿಯನ್ನು ಕರೆಸುತ್ತಾರೆ. ಉಂಗುರ ಕೆಳಗೆ ಬಿದ್ದಿದೆ, ಇಳಿದು ತಾ ಎನ್ನುತ್ತಾರೆ. ಅವಳು ಇಳಿಯುತ್ತಾಳೆ, ಮೇಲಿನಿಂದ ಕಲ್ಲು ಗಾರೆ ಸುರಿಯುತ್ತಾರೆ. ಓದುತ್ತಿದ್ದ ನನಗೆ ಮೈ ಜುಮ್ಮೆಂದಿತು. ಅಲ್ಲಿ ಉಂಗುರ, ಇಲ್ಲಿ ಬಟ್ಟಲು! ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ ಹೆಣ್ಣನ್ನು ಗುಂಡಿಗೆ ಇಳಿಸಲು ಒಂದೇ ಉಪಾಯ: ಮನೆಯ ಕೆಲಸ ಹೇಳುವುದು. ಅವಳು ಬರುವುದಿಲ್ಲ ಎನ್ನಲಾರಳು ಎಂದು ಹೇಳುವವರಿಗೆ ಗೊತ್ತು. ಆದರೆ ಒಂದು ವ್ಯತ್ಯಾಸ ಇದೆ. ಆರ್ಟಾದ ಹೆಣ್ಣು ಶಾಪ ಕೊಡುತ್ತಾಳೆ, ಈ ಸೇತುವೆ ಎಲೆಯ ಹಾಗೆ ನಡುಗಲಿ ಎಂದು. ಪರದೇಶದಲ್ಲಿರುವ ನಿನ್ನ ತಮ್ಮ ಒಂದು ದಿನ ಇದೇ ಸೇತುವೆ ದಾಟಿಯಾನು ಎಂದು ನೆನಪಿಸಿದಾಗ ಶಾಪ ಹಿಂದೆ ತೆಗೆದುಕೊಳ್ಳುತ್ತಾಳೆ. ಭಾಗೀರತಿ ಶಾಪವನ್ನೂ ಕೊಡುವುದಿಲ್ಲ.

ಶರಣರು ಕೆರೆ ಕಟ್ಟಲಿಲ್ಲವೇ? ಕಟ್ಟಿದರು. ಸೊನ್ನಲಿಗೆಯ ಸಿದ್ಧರಾಮರನ್ನು ನೆನೆಯದೆ ನಮ್ಮಂಥ ಇಂಜಿನಿಯರುಗಳು ದಿನ ಆರಂಭಿಸಬಾರದು. ಇಂದಿನ ಸೊಲ್ಲಾಪುರದಲ್ಲಿ ನೀರಿನ ನಡುವೆ ನಿಂತ ಸಿದ್ಧೇಶ್ವರ ಗುಡಿಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಲ್ಲಿ ಸಾವಿರಾರು ಜನ ಮಣ್ಣು ಹೊತ್ತು ಕೆರೆ ತೋಡಿದರು. ಕೆರೆಗೆ ಬಿದ್ದದ್ದು ಅವರ ಬೆವರು. ಆ ಸಿದ್ಧರಾಮರನ್ನೂ ಅಲ್ಲಮಪ್ರಭುಗಳು ಬಿಡಲಿಲ್ಲ. ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗ ಓದಿ. ಪ್ರಭುಗಳು ಬಂದು 'ಒಡ್ಡ' ಎಂದು ಕರೆದು ಕೆಣಕುತ್ತಾರೆ, ಕೆಲಸದವರು ಸಿಟ್ಟಾಗಿ ಕಲ್ಲು ತೂರುತ್ತಾರೆ. ಕೆರೆ ಕಟ್ಟಿದ ಪುಣ್ಯ ನನ್ನದು ಎಂಬ ಹಮ್ಮು ಉಳಿದರೆ ಆ ಕೆರೆಯೂ ಸಾಲದು ಎಂಬುದು ಪ್ರಭುಗಳ ಮಾತಿನ ತಾತ್ಪರ್ಯ. ಮಲ್ಲನಗೌಡನ ಕಾಯಿಲೆಯೂ ಅದೇ ಅಲ್ಲವೇ? ಊರಿಗೆ ನೀರಿಲ್ಲ ಎಂಬುದಕ್ಕಿಂತ, ತಾನು ಕಟ್ಟಿಸಿದ ಕೆರೆ ಬರಿದಾಗಿ ಕಾಣುತ್ತದೆ ಎಂಬ ಸಂಕಟ. ಕಲ್ಲನಕೆರೆಗೆ ಒಬ್ಬ ಅಲ್ಲಮ ಬರಲಿಲ್ಲ. ಮಲ್ಲನಗೌಡನನ್ನು ಕೆಣಕಿ ಕಲ್ಲೇಟು ತಿನ್ನಲು ಯಾರೂ ತಯಾರಿರಲಿಲ್ಲ.

ಇಷ್ಟನ್ನು ಸಿದ್ಧಪಡಿಸಿಕೊಂಡು, ಉಪನ್ಯಾಸ ಮುಗಿಯಿತು ಎಂದುಕೊಂಡಿದ್ದೆ. ಅತ್ತರೆ ಸಾಲದು, ಪ್ರಶ್ನಿಸಬೇಕು ಎಂದು ಹೇಳಿ ಕೂತುಬಿಡುವುದು. ಆದರೆ ಹೋದ ವಾರ ನಮ್ಮ ಬೀದಿಯ ಹಾವೇರಿ ಕಡೆಯ ಹಿರಿಯ ಶರಣೆಯೊಬ್ಬರಿಗೆ ಇದನ್ನು ಹೇಳಿದೆ. ಅವರು ಸೊಪ್ಪು ಸೋಸುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಅಂದರು: "ಸರ, ಬ್ಯಾಡ ಅನ್ನಾಕ ಭಾಗೀರತಿಗೆ ಬಾಯಿ ಇರಲಿಲ್ಲ ಖರೆ. ಹಾಡಿದವರಿಗೆ ಇತ್ತಲ್ಲ. ಹಾಡಿನ್ಯಾಗ ಎಲ್ಲ್ಯರ ಮಲ್ಲನಗೌಡ ಚಲೋ ಮನಿಷಾ ಅಂತ ಐತೇನು? ಆ ಕೆರಿಯಿಂದ ಎಷ್ಟು ಎಕರೆ ಹೊಲ ನೀರುಂಡಿತು ಅಂತ ಐತೇನು?"

ನಾನು ಸುಮ್ಮನಾದೆ. ನಿಜ, ಇಲ್ಲ. ಸೊಸೆಯ ತ್ಯಾಗದಿಂದ ಊರು ಉದ್ಧಾರವಾಯಿತು ಎಂದು ಹಾಡು ಒಂದು ಮಾತೂ ಹೇಳುವುದಿಲ್ಲ. ಕಟ್ಟಿಸಿದ ಗೌಡ ಕಲ್ಲಿನಲ್ಲಿ ಶಾಸನ ಬರೆಸಿದ್ದರೆ ಅದರಲ್ಲಿ ಇರುತ್ತಿತ್ತೇನೋ. ಬೀಸುಕಲ್ಲಿನ ಮುಂದೆ ಕೂತವರು ಮಾಡಿದ ಲೆಕ್ಕ ಬೇರೆ. ನೀರು ಎಷ್ಟು ಬಂತು ಎಂದು ಅವರು ಬರೆಯಲಿಲ್ಲ, ಯಾರ ಎದೆಯವರೆಗೆ ಬಂತು ಎಂದು ಬರೆದರು. ಪ್ರಶ್ನೆ ಕೇಳುವುದನ್ನು ನಾನು ಅವರಿಗೆ ಕಲಿಸಬೇಕಾಗಿರಲಿಲ್ಲ. ಅವರು ನೂರಾರು ವರ್ಷದಿಂದ ದಿನಾ ನಸುಕಿನಲ್ಲಿ ಕೇಳುತ್ತಲೇ ಇದ್ದರು. ಪಡಸಾಲೆಯಲ್ಲಿ ಮಲಗಿದ್ದ ಗಂಡಸರಿಗೆ ಅದು ಬರೀ ಅಳುವ ಹಾಡಾಗಿ ಕೇಳಿಸಿತು.

ಇಲ್ಲೊಂದು ಮಾತು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗರಿ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. ಅದೇ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬರು, ಹೆಣ್ಣುಮಕ್ಕಳ ಬೀಸುವ ಕುಟ್ಟುವ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ನಾವು ಮೊದಲನೆಯದನ್ನು ಪೂಜೆಯ ಜಗಲಿಯ ಮೇಲೆ ಇಟ್ಟೆವು. ಎರಡನೆಯದನ್ನು ಬಿ.ಎ. ಪಠ್ಯಕ್ಕೆ ಕಳಿಸಿದೆವು. ವಚನಕಾರ್ತಿಯರು ಮೂವತ್ತಕ್ಕೂ ಹೆಚ್ಚು ಜನ ಇದ್ದರು ಎಂದು ನಾವು ವೇದಿಕೆಯ ಮೇಲೆ ಎದೆ ತಟ್ಟಿ ಹೇಳುತ್ತೇವೆ. ಆಮೇಲೆ ಅವರೆಲ್ಲ ಎಲ್ಲಿ ಹೋದರು? ಒಂದಿಷ್ಟು ಜನ ಬೀಸುಕಲ್ಲಿನ ಮುಂದೆ ಕೂತರು ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ಆಧಾರ ಕೇಳಬೇಡಿ, ಇದು ನನ್ನ ಅನಿಸಿಕೆ.

ಆ ಯುವಕನ ಪ್ರಶ್ನೆಗೆ ಬರುತ್ತೇನೆ. ಅವನು ಇಲ್ಲೇ ಹಿಂದಿನ ಸಾಲಿನಲ್ಲಿ ಇದ್ದಾನೆ. ತಮ್ಮಾ, ಸಂಜೆ ಕಾರ್ಖಾನೆ ಬಿಟ್ಟ ಮೇಲೆ ಜಿಗಣಿಯ ರಸ್ತೆಯಲ್ಲಿ ಕಂಪನಿ ಬಸ್ಸುಗಳು ಸಾಲಾಗಿ ನಿಲ್ಲುತ್ತವಲ್ಲ, ಅದರೊಳಗೆ ನಿಮ್ಮ ವಯಸ್ಸಿನವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಿಟಕಿಗೆ ತಲೆ ಆನಿಸಿ ಕೂತಿರುವುದನ್ನು ನೋಡುತ್ತೇನೆ. ಒಂದು ದಿನ ಗ್ರಾನೈಟ್ ಘಟಕದ ಒಬ್ಬ ಹುಡುಗ ಚಹದಂಗಡಿಯಲ್ಲಿ ನನ್ನ ಪಕ್ಕ ಕೂತಿದ್ದ. ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ. ಮೊಬೈಲಿನಲ್ಲಿ ಯಾವುದೋ ವಿರಹದ ಸಿನಿಮಾ ಹಾಡು. ಕಣ್ಣಲ್ಲಿ ನೀರು ಬಂದು ಪುಡಿಯಲ್ಲಿ ಎರಡು ಗೆರೆ ಮೂಡಿತ್ತು. ಯಾವ ಹುಡುಗಿಯಪ್ಪಾ ಎಂದು ತಮಾಷೆ ಮಾಡಿದೆ. "ಹುಡುಗಿ ಇಲ್ಲ ಸರ್. ಊರಲ್ಲಿ ತಂಗಿ ಮದುವೆ ಆಯ್ತು, ರಜೆ ಸಿಗಲಿಲ್ಲ" ಅಂದ. ಅವ್ವನ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಅವನ ಅಳುವಿಗೆ ಆ ಹಾಡು ನೆಪ. ಒಳಗಿನದ್ದು ಯಾವುದು ಎಂದು ಪಕ್ಕದಲ್ಲಿ ಕೂತವನು ಕೇಳಿದ್ದಕ್ಕೆ ಹೊರಗೆ ಬಂತು. ನಾನು ತಮಾಷೆಗೆ ಕೇಳಿದ್ದು, ಅದು ಬೇರೆ ಮಾತು. ಕಳೆದ ತಿಂಗಳು ವಚನ ಹಾಡಿ ಅತ್ತ ಶರಣೆಯನ್ನು ನಮ್ಮಲ್ಲಿ ಯಾರಾದರೂ ಕೇಳಿದೆವೇ, ಯಾಕಮ್ಮ ಎಂದು? ಎಷ್ಟು ಭಕ್ತಿ ಎಂದು ಮೆಚ್ಚಿ, ಪ್ರಸಾದ ಮಾಡಿ ಎದ್ದೆವು.

ಈಗ ಇದನ್ನು ಹೇಳಿದವನು ತನ್ನದನ್ನೂ ಹೇಳಬೇಕು. ನನಗೆ ಎರಡು ವರ್ಷ ಹಿರಿಯಳಾದ ಅಕ್ಕ ಇದ್ದಾಳೆ. ಓದಿನಲ್ಲಿ ನನಗಿಂತ ಜಾಣೆ. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕ ವರ್ಷವೇ ಅವಳಿಗೆ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. ಇಬ್ಬರನ್ನು ಓದಿಸುವಷ್ಟು ಮನೆಯಲ್ಲಿ ಇರಲಿಲ್ಲ. ಅಪ್ಪ ಒಂದು ರಾತ್ರಿ ಊಟಕ್ಕೆ ಕೂತಾಗ ಆ ಮಾತು ತೆಗೆದರು. ತಮ್ಮ ಓದಲಿ ಬಿಡ್ರಿ ಎಂದು ಅಕ್ಕನೇ ಅಂದಳು. ಎಂಥ ಮಗಳು ಎಂದು ಎಲ್ಲರೂ ಹೊಗಳಿದರು. ನಾನು ರೊಟ್ಟಿ ಮುರಿಯುತ್ತಿದ್ದೆ, ತಲೆ ಎತ್ತಲಿಲ್ಲ. ಜೂನ್ ತಿಂಗಳಲ್ಲಿ ಟ್ರಂಕು ಹಿಡಿದು ಹೊರಟೆ. ಅಕ್ಕನಿಗೆ ಆ ವರ್ಷವೇ ಮದುವೆಯಾಯಿತು. ನಲವತ್ತೈದು ವರ್ಷದ ಮೇಲಾಯಿತು. ಅವಳು ಒಂದು ದಿನವೂ ಅದರ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ. ಎತ್ತದೇ ಇರುವುದು ಅವಳ ದೊಡ್ಡತನ ಎಂದು ಹೇಳಿಕೊಂಡು ಬಂದಿದ್ದೇನೆ, ಹೊಲ ಮನೆ ಕೊಡಿಸುತ್ತೇನೆ ಎಂದ ಆ ಅಪ್ಪನ ಹಾಗೆ. ನಾನೂ ಪ್ರತಿ ದೀಪಾವಳಿಗೆ ಅವಳಿಗೆ ಇಳಕಲ್ ಸೀರೆ ಕಳಿಸುತ್ತೇನೆ.

ಅವ್ವನ ಹಾಡು ಪೂರ್ತಿ ಬರುವುದು ಈಗ ಅವಳೊಬ್ಬಳಿಗೇ. ಮೊನ್ನೆ ಭಾನುವಾರ ಫೋನ್ ಮಾಡಿ, ಉಪನ್ಯಾಸಕ್ಕೆ ಬೇಕಾಗಿದೆ, ಕೆರೆಗೆ ಹಾರ ಹಾಡು ಎಂದೆ. ವಯಸ್ಸಾಗಿದೆ, ದನಿ ಒಡೆದಿದೆ, ಆದರೆ ಒಂದು ನುಡಿ ತಪ್ಪಲಿಲ್ಲ. ನಾನು ಸ್ಪೀಕರ್‌ಗೆ ಹಾಕಿ ಬರೆದುಕೊಳ್ಳುತ್ತಿದ್ದೆ. ತವರಿನ ಮಾತು ಮುಗಿಯಿತು, ಗೆಳತಿಯ ಮಾತು ಮುಗಿಯಿತು, ಅಡಿಗೆಯಾಯಿತು, ಪೂಜೆಯಾಯಿತು. ಬಂಗಾರದ ಬಟ್ಟಲಿನ ಹತ್ತಿರ ಬಂದು ನಿಂತಳು. ಮರೆತಳೋ ಎಂದುಕೊಂಡೆ. ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಕೊನೆಗೆ ನಾನು, "ಅಕ್ಕಾ, ಆ ವರ್ಷ ನಿನಗ ಟ್ರೇನಿಂಗಿಗೆ ಹೋಗಬೇಕಂತ ಭಾಳ ಇತ್ತೇನು?" ಎಂದು ಕೇಳಿದೆ.

"ಇತ್ತೋ ತಮ್ಮಾ" ಅಂದಳು. ಆಮೇಲೆ, "ತಡಿ, ಹಾಲು ಉಕ್ಕಾಕತ್ತೈತಿ" ಎಂದು ಫೋನನ್ನು ಹಾಗೇ ಇಟ್ಟು ಹೋದಳು. ನಾನು ಕಟ್ ಮಾಡದೆ ಹಿಡಿದುಕೊಂಡೇ ಕೂತೆ.